ಮೂರು ಹಿಡಿ ಎಂದರೆ ಎಷ್ಟು ಗ್ರಾಂ?

ತರೀಕೆರೆಯಿಂದ ಆರನೇ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಕಳೆದ ವರ್ಷ ಶುಭ ಶುಕ್ರವಾರದ ದಿನ ಗೆಳತಿಯ ಮನೆಯಲ್ಲಿ ಅವಳಿಗೆ ಒಂದು ಬನ್ನು ಕೊಟ್ಟರಂತೆ. ಒಳಗೆ ದ್ರಾಕ್ಷಿ, ಚಕ್ಕೆಯ ವಾಸನೆ, ಮೇಲೆ ಬಿಳಿ ಶಿಲುಬೆಯ ಗುರುತು. “ಅಜ್ಜ, ಅದೂ ಮಂಗಳೂರು ಬನ್ಸೂ ಅಣ್ಣ ತಮ್ಮಂದಿರಾ? ಮನೆಯಲ್ಲಿ ಮಾಡೋಕಾಗತ್ತಾ?” ಎಂದು ಕೇಳಿದ್ದಾಳೆ. ಪತ್ರದ ಅಡಿಯಲ್ಲಿ ತರೀಕೆರೆ ಏರಿಯ ಕುರಿಮರಿಗಳ ಚಿತ್ರವೂ ಇದೆ. ಚೆನ್ನಾಗಿದೆ ಮಗು. ಮೂರೂ ಸರಿಯಾಗಿ ಕರಿ ಬಣ್ಣದಲ್ಲೇ ಇವೆ.

ಅಣ್ಣ ತಮ್ಮಂದಿರಲ್ಲ, ಹೆಸರು ಮಾತ್ರ ಒಂದೇ. ಮಂಗಳೂರು ಬನ್ಸಿಗೆ ಕಳಿತ ಬಾಳೆಹಣ್ಣು, ಮೊಸರು, ಚಿಟಿಕೆ ಸೋಡಾ ಹಾಕಿ ಕಲಸಿ, ಪೂರಿಯ ಹಾಗೆ ಲಟ್ಟಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ಶಿಲುಬೆ ಬನ್ನು ಈಸ್ಟಿನಿಂದ ಉಬ್ಬುತ್ತದೆ, ಒಣ ಬಿಸಿಯಲ್ಲಿ ಬೇಯುತ್ತದೆ. ಇಂಗ್ಲೆಂಡಿನ ಕಡೆಯಿಂದ ಬಂದದ್ದು, ಅಲ್ಲಿ ಇದಕ್ಕೆ ಹಾಟ್ ಕ್ರಾಸ್ ಬನ್ ಎಂದು ಹೆಸರು. ಬೆಂಗಳೂರಿನ ಫ್ರೇಜರ್ ಟೌನಿನಲ್ಲಿ 1902ರಿಂದ ಇರುವ ಆಲ್ಬರ್ಟ್ ಬೇಕರಿಯಲ್ಲಿ ಈಸ್ಟರ್ ಸಮಯಕ್ಕೆ ಇದನ್ನು ಕೊಳ್ಳಲು ಜನ ಬರುತ್ತಾರೆ. ನಮ್ಮ ಕಡೂರಿನ ಕಡೆ ಕ್ರೈಸ್ತರ ಮನೆಗಳು ಕಡಿಮೆ. ಬೇಕೆಂದರೆ ಮನೆಯಲ್ಲೇ ಮಾಡಿಕೊಳ್ಳಬೇಕು.

ಈಸ್ಟರ್ ದಿನಾಂಕ ವರ್ಷವರ್ಷ ಬದಲಾಗುವುದೇಕೆ ಎಂದು ಮೊಮ್ಮಕ್ಕಳು ಕೇಳುತ್ತಾರೆ. ನಮ್ಮ ಹಬ್ಬಗಳಂತೆ ಅದಕ್ಕೂ ಚಂದ್ರನ ಲೆಕ್ಕವಿದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರ ಈಸ್ಟರ್. ಈ ವರ್ಷ, ಎಂದರೆ 2026ರಲ್ಲಿ, ಅದು ಏಪ್ರಿಲ್ 5. ಯೇಸುಸ್ವಾಮಿಯನ್ನು ಶಿಲುಬೆಗೇರಿಸಿದ ದಿನವೆಂದು ನೆನೆಯುವ ಶುಭ ಶುಕ್ರವಾರ ಏಪ್ರಿಲ್ 3. ಬನ್ನು ತಿನ್ನುವುದು ಭಾನುವಾರವಲ್ಲ, ಈ ಶುಕ್ರವಾರ. ಅಂದು ಕಥೋಲಿಕರಿಗೆ ಉಪವಾಸ. ಆದರೆ ಉಪವಾಸದ ನಿಯಮ ಇರುವುದು 18ರಿಂದ 59 ವರ್ಷದವರಿಗೆ ಮಾತ್ರ. ಈ ಪತ್ರಿಕೆ ಓದುವ ಮಕ್ಕಳಿಗೂ ನನ್ನಂಥ ಮುದುಕರಿಗೂ ವಿನಾಯಿತಿ ಇದೆ! ನಡುವಿನವರು ನೋಡುತ್ತಾ ಕೂರಲಿ.

ಈ ಬನ್ನಿನ ಮೇಲೆ ಒಂದು ಕಾಲದಲ್ಲಿ ಸರ್ಕಾರಿ ಕಟ್ಟಳೆಯೂ ಇತ್ತು. 1592ರಲ್ಲಿ ಲಂಡನ್ನಿನ ಮಾರುಕಟ್ಟೆ ಅಧಿಕಾರಿ ಒಂದು ಆಜ್ಞೆ ಹೊರಡಿಸಿದ: ಮಸಾಲೆ ಬನ್ನನ್ನು ಶುಭ ಶುಕ್ರವಾರ, ಕ್ರಿಸ್ಮಸ್ ಮತ್ತು ಶವಸಂಸ್ಕಾರದ ಸಂದರ್ಭ ಬಿಟ್ಟು ಬೇರೆ ದಿನ ಮಾರುವಂತಿಲ್ಲ. ಅದೇ ಲಂಡನ್ನಿನಲ್ಲಿ ‘ವಿಧವೆಯ ಮಗ’ ಎಂಬ ಅರ್ಥದ ಹೆಸರಿರುವ ಹಳೆಯ ಪಾನಗೃಹವೊಂದಿದೆ. ಆ ಜಾಗದಲ್ಲಿ ಹಿಂದೆ ಒಬ್ಬ ವಿಧವೆ ಇದ್ದಳಂತೆ. ನಾವಿಕನಾಗಿದ್ದ ಅವಳ ಮಗ ಈಸ್ಟರಿಗೆ ಬರುತ್ತೇನೆ, ನನಗೊಂದು ಬನ್ನು ಎತ್ತಿಡು ಎಂದಿದ್ದನಂತೆ. ಬರಲೇ ಇಲ್ಲ. ಆಕೆ ಪ್ರತಿ ವರ್ಷ ಹೊಸ ಬನ್ನೊಂದನ್ನು ಎತ್ತಿಟ್ಟು ಕಾಯುತ್ತಿದ್ದಳು. ಇಂದಿಗೂ ಅಲ್ಲಿ ಶುಭ ಶುಕ್ರವಾರ ಒಬ್ಬ ನಾವಿಕ ಬಂದು, ಮಾಡಿನಿಂದ ಇಳಿಬಿಟ್ಟ ಬಲೆಗೆ ಒಂದು ಬನ್ನು ಸೇರಿಸುತ್ತಾನೆ. ಹಳೆಯವು ಕಲ್ಲಾಗಿ ಕಪ್ಪಾಗಿವೆ. ಈ ಕಥೆ ಕೇಳಿದಾಗಿನಿಂದ ನನ್ನ ಎರಡನೇ ತರಗತಿಯ ಮೊಮ್ಮಗಳು ಕೊನೆಯ ಬನ್ನನ್ನು ಯಾರಿಗೂ ಮುಟ್ಟಗೊಡುವುದಿಲ್ಲ.

ಇನ್ನು ನಮ್ಮ ಮನೆಯ ಸಂಗತಿ. ನನ್ನ ಹೆಂಡತಿಯ ತಂದೆ ರೈಲ್ವೆಯಲ್ಲಿದ್ದರು. ಬೀರೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಹೆಂಗಸೊಬ್ಬರು ನಮ್ಮ ಅತ್ತೆಗೆ ಈ ಬನ್ನು ಕಲಿಸಿದರು, ಅತ್ತೆ ಮಗಳಿಗೆ ಕಲಿಸಿದರು. ಆಗ ಈಸ್ಟಿನ ಪೊಟ್ಟಣ ಎಲ್ಲಿತ್ತು? ಈಚಲು ಮರದ ಸೇಂದಿ ಹಾಕಿ ಹುದುಗಿಸುತ್ತಿದ್ದರು. ಕೊಪ್ಪರಿಗೆಯ ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಯಾರೂ ಒಂದು ಸಾಲೂ ಬರೆದಿಡಲಿಲ್ಲ. “ಮೈದಾ ಕಣ್ಣಳತೆ, ದ್ರಾಕ್ಷಿ ಮೂರು ಹಿಡಿ, ಹಾಲು ಹಿಟ್ಟು ಕೇಳಿದಷ್ಟು” ಎನ್ನುವುದೇ ಪಾಠ.

ಎರಡು ವರ್ಷದಿಂದ ನನ್ನಾಕೆಯ ಕೀಲುಗಳಲ್ಲಿ ಬಾವು. ಹಿಟ್ಟು ನಾದುವುದಿರಲಿ, ಬಾಗಿಲ ಚಿಲಕ ತೆಗೆಯುವುದೂ ಕಷ್ಟ. ಕಳೆದ ಈಸ್ಟರಿಗೆ ನಮ್ಮಲ್ಲಿ ಬನ್ನು ಆಗಲಿಲ್ಲ. ಅವಳು ಏನೂ ಹೇಳಲಿಲ್ಲ. ಸಂಜೆ ಚರ್ಚಿನಿಂದ ಬಂದು ಗಂಜಿ ಕುಡಿದು ಮಲಗಿದೆವು. ಈ ವರ್ಷ ಹಾಗಾಗಬಾರದೆಂದು ತಪಸ್ಸುಕಾಲ ಆರಂಭವಾದಾಗಲೇ ಒಂದು ನೋಟ್‌ಬುಕ್ ಮತ್ತು ಮೊಮ್ಮಗನ ಡಿಜಿಟಲ್ ತಕ್ಕಡಿ ಹಿಡಿದು ಅವಳ ಎದುರು ಕೂತೆ. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲೆಡ್ಜರ್ ಬರೆದ ಕೈ ನನ್ನದು. ಅಂಕಿ ಇಲ್ಲದ ವ್ಯವಹಾರ ನನಗೆ ಅರ್ಥವಾಗುವುದಿಲ್ಲ.

“ಒಂದು ಹಿಡಿ ದ್ರಾಕ್ಷಿ ತೆಗಿ” ಎಂದೆ. ತೆಗೆದಳು. ತೂಗಿದೆ, 51 ಗ್ರಾಂ. ವಾಪಸ್ಸು ಹಾಕಿಸಿ ಮತ್ತೆ ತೆಗೆಸಿದೆ, 49. ಮೂರನೆಯ ಸಲ 50. ನಡುಗುವ ಕೈ, ಆದರೂ ವ್ಯತ್ಯಾಸ ಎರಡೇ ಗ್ರಾಂ! ನಮ್ಮ ಕ್ಯಾಷ್ ಕೌಂಟರಿನಲ್ಲಿ ಇಷ್ಟು ಟ್ಯಾಲಿಯಾಗಿದ್ದರೆ ನಾನು ದಿನವೂ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿದ್ದೆ. ಮೊಮ್ಮಗಳ ಹಿಡಿ ತೂಗಿದರೆ 22 ಗ್ರಾಂ. ಅಜ್ಜಿಯ ಮಾತಿನಂತೆ ಅವಳು ಮೂರು ಹಿಡಿ ಹಾಕಿದರೆ ಅರ್ಧ ಬನ್ನುಗಳಿಗೆ ದ್ರಾಕ್ಷಿಯೇ ಇರುವುದಿಲ್ಲ.

ಹೀಗೆ ನಾಲ್ಕು ಭಾನುವಾರ ಕೂತು ಬರೆದ ಲೆಕ್ಕ ಇದು. ಹನ್ನೆರಡು ಬನ್ನಿಗೆ ಮೈದಾ 500 ಗ್ರಾಂ, ಸಕ್ಕರೆ 75, ಬೆಣ್ಣೆ 60, ಉಪ್ಪು 8, ಒಣ ಈಸ್ಟ್ 7 ಗ್ರಾಂ, ಹಾಲು ಸುಮಾರು 300 ಮಿಲಿ, ಒಣದ್ರಾಕ್ಷಿ 150. ಕಿತ್ತಳೆ ಸಿಪ್ಪೆ 40 ಗ್ರಾಂ: ಎರಡು ಸಲ ನೀರಿನಲ್ಲಿ ಕುದಿಸಿ ಬಸಿದು ಕಹಿ ತೆಗೆದು, ಸಕ್ಕರೆ ಪಾಕದಲ್ಲಿ ಬೇಯಿಸಿ ಸಣ್ಣಗೆ ಹೆಚ್ಚಿದ್ದು. ಚಕ್ಕೆ, ನಾಲ್ಕು ಲವಂಗ, ಆರು ಏಲಕ್ಕಿ ಸೇರಿಸಿ ಕುಟ್ಟಿದ ಪುಡಿ ಎರಡು ಚಹಾ ಚಮಚ, ಮೇಲೆ ಕಾಲು ಚಮಚ ಜಾಯಿಕಾಯಿ ತುರಿ. ಅಂಗಡಿಯ ಟೂಟಿ ಫ್ರೂಟಿ ಹಾಕೋಣವೇ ಎಂದು ಕೇಳಿದ್ದಕ್ಕೆ, “ಬಣ್ಣ ಹಾಕಿದ ಪರಂಗಿಕಾಯಿ ತಿನ್ನೋಕೆ ಬನ್ನು ಯಾಕೆ?” ಎಂದಳು. ಹೌದು ಮಕ್ಕಳೇ, ಟೂಟಿ ಫ್ರೂಟಿಯನ್ನು ಸಾಮಾನ್ಯವಾಗಿ ಮಾಡುವುದು ಪರಂಗಿಕಾಯಿಯಿಂದಲೇ. ಮೊಟ್ಟೆ ಮಾತ್ರ ನಮ್ಮ ಲೆಕ್ಕದಲ್ಲಿಲ್ಲ. ಮೂಲದಲ್ಲಿ ಇತ್ತಂತೆ. ಅಕ್ಕಪಕ್ಕದ ಮನೆಗಳಲ್ಲಿ ಮೊಟ್ಟೆ ತಿನ್ನದವರೇ ಹೆಚ್ಚು, ಅವರಿಗೂ ಕೊಡಬೇಕಲ್ಲ ಎಂದು ಅತ್ತೆಯೇ ಕೈಬಿಟ್ಟರು.

ಹಾಲು ಬೆಚ್ಚಗಿರಲಿ, ಬಿಸಿಯಲ್ಲ. ಬೆರಳದ್ದಿದರೆ ಹಿತವೆನಿಸಬೇಕು. ಈಸ್ಟ್ ಜೀವವಿರುವ ವಸ್ತು, ಒಂದು ಗ್ರಾಂನಲ್ಲಿ ನೂರಾರು ಕೋಟಿ ಕಣಗಳು. ಕುದಿಯುವ ಹಾಲು ಹಾಕಿದರೆ ಅಷ್ಟೂ ಸಾಯುತ್ತವೆ. ಬದುಕಿದ್ದರೆ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಆ ಗಾಳಿಯನ್ನು ಹಿಡಿದಿಡುವುದು ಗ್ಲುಟನ್ ಎಂಬ ಅಂಟು, ಅದು ಬರುವುದು ನಾದುವುದರಿಂದ. ಹತ್ತು ಹನ್ನೆರಡು ನಿಮಿಷ ನಾದಬೇಕು. ಹಿಟ್ಟಿನ ಒಂದು ತುಣುಕನ್ನು ಎರಡೂ ಕೈಯಲ್ಲಿ ಎಳೆದರೆ ಹರಿಯದೆ ಬಲೂನಿನ ಪೊರೆಯಂತಾಗಬೇಕು. ನನಗೆ ಮೂರು ನಿಮಿಷಕ್ಕೇ ಭುಜ ನೋವು. ಉಳಿದದ್ದನ್ನು ಹತ್ತನೇ ತರಗತಿಯ ಮೊಮ್ಮಗ ನಾದಿದ. ಅವಳು ಕುರ್ಚಿಯಲ್ಲಿ ಕೂತು ಹಿಟ್ಟಿಗೆ ಒಂದು ಬೆರಳು ಒತ್ತಿ, “ಇನ್ನೂ ಸ್ವಲ್ಪ” ಎನ್ನುತ್ತಿದ್ದಳು. ಆ ಬೆರಳಿಗೆ ತಿಳಿಯುವುದನ್ನು ತೂಗುವ ತಕ್ಕಡಿ ಇಲ್ಲ. ಅವನ ಬೆರಳನ್ನೂ ಪಕ್ಕದಲ್ಲೇ ಒತ್ತಿಸಿದೆ. ನಾಲ್ಕನೆಯ ಭಾನುವಾರ ಅಜ್ಜಿಗಿಂತ ಮೊದಲು ಅವನೇ “ಸಾಕು” ಎಂದ. ಅವಳು ಒತ್ತಿ ನೋಡಿ ತಲೆಯಾಡಿಸಿದಳು.

ಮಸಾಲೆಯನ್ನು ಮೊದಲೇ ಸೇರಿಸಬೇಡಿ. ಚಕ್ಕೆ ಈಸ್ಟಿನ ಕೆಲಸವನ್ನು ನಿಧಾನ ಮಾಡುತ್ತದೆ. ಇದು ರಸಾಯನಶಾಸ್ತ್ರ. ಅತ್ತೆಗೆ ಆ ಶಾಸ್ತ್ರ ಗೊತ್ತಿರಲಿಲ್ಲ, ಆದರೂ ಹಿಟ್ಟು ಒಮ್ಮೆ ಉಬ್ಬಿದ ಮೇಲೆಯೇ ದ್ರಾಕ್ಷಿ, ಸಿಪ್ಪೆ, ಮಸಾಲೆ ಸೇರಿಸುತ್ತಿದ್ದರು. ಕಡೂರಿನ ಏಪ್ರಿಲ್ ಸೆಖೆಗೆ ಹಿಟ್ಟು ಮುಕ್ಕಾಲು ಗಂಟೆಯಲ್ಲಿ ಎರಡು ಪಟ್ಟಾಗುತ್ತದೆ. ಮಲೆನಾಡಿನ ಮಳೆಯ ಚಳಿಯಲ್ಲಾದರೆ ಎರಡು ಗಂಟೆಯೂ ಬೇಕಾದೀತು. ಬಳಿಕ ಸುಮಾರು 90 ಗ್ರಾಂನ ಹನ್ನೆರಡು ಉಂಡೆ ಮಾಡಿ, ಬಟ್ಟೆ ಮುಚ್ಚಿ ಇನ್ನರ್ಧ ಗಂಟೆ ಬಿಡಿ. ಮೈದಾವನ್ನು ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ತೊಳೆದ ನಂದಿನಿ ಹಾಲಿನ ಪೊಟ್ಟಣಕ್ಕೆ ತುಂಬಿ, ಮೂಲೆ ಕತ್ತರಿಸಿ ಶಿಲುಬೆ ಎಳೆಯಿರಿ. ಇದು ಮಕ್ಕಳ ಕೆಲಸ. ನಮ್ಮಲ್ಲಿ ಒಂದೆರಡು ಶಿಲುಬೆ ಕೂಡಿಸುವ ಚಿಹ್ನೆಯಂತೆ, ಇನ್ನೊಂದು ಗುಣಿಸುವ ಚಿಹ್ನೆಯಂತೆ ಬಂದಿವೆ.

ಓವನ್ ಇದ್ದರೆ 190 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ. ಇಲ್ಲದಿದ್ದರೆ ಹಳೆಯ ಕುಕ್ಕರ್ ಸಾಕು. ತಳಕ್ಕೆ ಒಂದು ಅಂಗುಲ ಮರಳು, ಮೇಲೆ ಸ್ಟ್ಯಾಂಡು. ಗ್ಯಾಸ್ಕೆಟ್ಟೂ ವಿಷಲ್ಲೂ ಖಂಡಿತ ತೆಗೆದಿಡಬೇಕು. ಇದು ದೊಡ್ಡವರೇ ಮಾಡುವ ಕೆಲಸ. ಹತ್ತು ನಿಮಿಷ ಕಾಯಿಸಿ, ಒಮ್ಮೆಗೆ ನಾಲ್ಕು ಬನ್ನಿಟ್ಟು ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಕಾಯುತ್ತಿರುವ ಉಂಡೆಗಳನ್ನು ಫ್ರಿಜ್ಜಿನಲ್ಲಿಡಿ, ಇಲ್ಲದಿದ್ದರೆ ಅತಿಯಾಗಿ ಉಬ್ಬಿ ಕುಸಿಯುತ್ತವೆ. ಕುಕ್ಕರಿನಲ್ಲಿ ಮೇಲ್ಭಾಗ ಕೆಂಪಾಗುವುದಿಲ್ಲ. ಬಿಸಿಯಿರುವಾಗಲೇ ಸಕ್ಕರೆ ಪಾಕ ಸವರಿದರೆ ಹೊಳಪು ಬರುತ್ತದೆ, ಮನಸ್ಸಿಗೆ ಸಮಾಧಾನವಾಗುತ್ತದೆ.

ಹುದುಗಿಸದ ರೊಟ್ಟಿಯ ಸಂಪ್ರದಾಯವೂ ನಮ್ಮ ಜಿಲ್ಲೆಯಲ್ಲಿದೆ. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳಿವೆ. ಕೇರಳದ ಕ್ರೈಸ್ತರು ಹಿಂದಿನ ದಿನ, ಗುರುವಾರ ರಾತ್ರಿ, ಅಕ್ಕಿ ಉದ್ದಿನ ಪೆಸಹಾ ಅಪ್ಪ ಮಾಡಿ, ಗರಿಗಳ ಭಾನುವಾರದ ಗರಿಯಿಂದ ಅದರ ಮೇಲೆ ಶಿಲುಬೆ ಇಡುತ್ತಾರೆ. ಅದರ ವಿಷಯ ಇನ್ನೊಂದು ವಾರಕ್ಕೆ ಇರಲಿ.

ಈ ಗುರುವಾರ ಸಂಜೆ ನಮ್ಮಲ್ಲಿ ಮೂರು ಡಜನ್ ಆಗಬೇಕು. ಒಂದು ಕಡೂರಿನಲ್ಲಿ ನಮಗೂ ನೆರೆಮನೆಗಳಿಗೂ. ಒಂದು ತರೀಕೆರೆಯ ನಾದಿನಿಗೆ, ಇನ್ನೊಂದು ಅಜ್ಜಂಪುರದ ಮಗಳಿಗೆ. ರೈಲು ಬೀರೂರಿನ ತನಕ ಎರಡೂ ಊರಿಗೆ ಒಂದೇ ದಾರಿ, ಅಲ್ಲಿಂದ ಒಂದು ಹಳಿ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ. ಮೊಮ್ಮಗ ಒಂದು ಕಡೆ, ನಾನು ಇನ್ನೊಂದು ಕಡೆ. ಡಬ್ಬದ ಜೊತೆ ಲೆಕ್ಕದ ನಕಲೂ ಹೋಗುತ್ತದೆ. ನಾದಿನಿ ಫೋನಿನಲ್ಲಿ ಈಗಾಗಲೇ ತಕರಾರು ತೆಗೆದಿದ್ದಾಳೆ: ಅಮ್ಮ ಏಲಕ್ಕಿ ಆರಲ್ಲ, ಎಂಟು ಹಾಕುತ್ತಿದ್ದಳಂತೆ. ಅಕ್ಕ ತಂಗಿಯರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ನೋಟ್‌ಬುಕ್ಕಿನಲ್ಲಿ ಆ ಅಂಕಿಯನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ.

ಉಳಿದ ಬನ್ನನ್ನು ಡಬ್ಬದಲ್ಲಿ ಹೊರಗೇ ಇಡಿ. ಫ್ರಿಜ್ಜಿನಲ್ಲಿಟ್ಟರೆ ಬೇಗ ಒರಟಾಗುತ್ತದೆ. ಮರುದಿನ ಅಡ್ಡಕ್ಕೆ ಸೀಳಿ, ತವದ ಮೇಲೆ ಬೆಣ್ಣೆ ಹಾಕಿ ಬಿಸಿ ಮಾಡಿದರೆ ಕಾಫಿಗೆ ಚೆನ್ನಾಗಿರುತ್ತದೆ.