ನಿಮ್ಮ ಕುಡುಗೋಲನ್ನು ನೀವೇ ಆರಿಸಿ

ಹೈನುಗಾರ ತಾಯಂದಿರೇ, ಅಕ್ಕತಂಗಿಯರೇ,

ಕೆಚ್ಚಲು ಬಾವಿಗೆ ಚಿಕಿತ್ಸೆ ಕೊಡಲು ಮಳವಳ್ಳಿ ತಾಲ್ಲೂಕಿನ ಒಂದು ಊರಿಗೆ ಹೋಗಿದ್ದೆ. ಹಸುವಿನ ಒಂದು ಮೊಲೆ ಊದಿತ್ತು, ಹಾಲು ಒಡೆದು ಗಡ್ಡೆಗಡ್ಡೆಯಾಗಿ ಬರುತ್ತಿತ್ತು. ಔಷಧಿ ಕೊಟ್ಟ ಮೇಲೆ, ಹಾಲು ಕರೆಯುವವರ ಕೈ ತೋರಿಸಿ ಎಂದೆ. ಆ ತಾಯಿಯ ಎಡಗೈ ತೋರುಬೆರಳಿಗೆ ಹಳೇ ಸೀರೆಯ ಚೂರು ಸುತ್ತಿತ್ತು. ಬಿಚ್ಚಿಸಿದರೆ ಗಾಯ ಕೀವು ಕಟ್ಟಿತ್ತು. "ಏನಿಲ್ಲ ಬುಡಿ ಡಾಕ್ಟ್ರೇ, ಹುಲ್ಲು ಕುಯ್ವಾಗ ಕುಡ್ಲು ತಾಕ್ತು" ಎಂದರು.

ಕುಡುಗೋಲನ್ನು ತರಿಸಿ ನೋಡಿದೆ. ತಗಡಿನಂಥ ಅಲಗು, ಮೊಂಡು ಬಾಯಿ. ಅಲುಗಾಡುತ್ತಿದ್ದ ಹಿಡಿಗೆ ಕಟ್ಟುತಂತಿ ಸುತ್ತಿದ್ದರು. ಯಾರು ತಂದದ್ದು ಎಂದು ಕೇಳಿದೆ. "ನಮ್ಮೆಜಮಾನ್ರು ಸಂತೇಲಿ ತಂದ್ರು, ಅಗ್ಗಕ್ಕೆ ಸಿಕ್ತಂತೆ" ಎಂಬ ಉತ್ತರ ಬಂತು.

ಈ ಲೇಖನ ಬರೆಯಬೇಕು ಅನಿಸಿದ್ದು ಆವತ್ತು. ಹಸು ಕೊಳ್ಳುವಾಗ ನಾಲ್ಕು ಜನರನ್ನು ಕೇಳುತ್ತೇವೆ. ಹಿಂಡಿ, ಬೂಸಾ, ಖನಿಜ ಮಿಶ್ರಣದ ಬಗ್ಗೆ ನಾವೂ ಸಭೆಗಳಲ್ಲಿ ಗಂಟೆಗಟ್ಟಲೆ ಹೇಳುತ್ತೇವೆ. ದಿನಾ ಎರಡು ಹೊತ್ತು ನಿಮ್ಮ ಕೈಯಲ್ಲಿರುವ ಕುಡುಗೋಲಿನ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಅದನ್ನು ಹಿಡಿಯುವವರು ನೀವು, ಕೊಂಡು ತರುವವರು ಬೇರೆಯವರು. ನನ್ನ ಅಭಿಪ್ರಾಯದಲ್ಲಿ ಇದು ಬದಲಾಗಲೇಬೇಕು.

ಒಂದು ಸಣ್ಣ ಲೆಕ್ಕ ಹಾಕೋಣ. ಹಾಲು ಕೊಡುವ ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 20ರಿಂದ 25 ಕಿಲೋ ಹಸಿರು ಮೇವು ಬೇಕು. ಎರಡು ಹಸು ಇದ್ದರೆ 50 ಕಿಲೋ ಎಂದುಕೊಳ್ಳಿ. ಒಂದು ಹಿಡಿಗೆ ಅರ್ಧ ಕಿಲೋ ಬಂದರೂ ದಿನಕ್ಕೆ 100 ಸಲ, ವರ್ಷಕ್ಕೆ 36,500 ಸಲ ಕುಡುಗೋಲು ಎಳೆಯುತ್ತೀರಿ. ಇಷ್ಟು ದುಡಿಯುವ ಸಾಮಾನಿನಲ್ಲಿ ನೂರಿನ್ನೂರು ರೂಪಾಯಿ ಉಳಿಸಿದರೆ, ಉಳಿಸಿದ್ದಕ್ಕೆ ನಿಮ್ಮ ಮಣಿಕಟ್ಟು ಬಡ್ಡಿ ಕಟ್ಟುತ್ತದೆ. ಕುಲುಮೆಯಲ್ಲಿ ತಟ್ಟಿಸಿದ ಒಳ್ಳೆಯ ಕುಡುಗೋಲು ಸುಮಾರು ಹತ್ತು ಲೀಟರ್ ಹಾಲಿನ ದುಡ್ಡಿನಲ್ಲಿ ಆಗುತ್ತದೆ, ಹತ್ತಾರು ವರ್ಷ ಬಾಳುತ್ತದೆ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು?

ಮೊದಲು ಅಲಗು. ಲಾರಿ ಕಮಾನು ಪಟ್ಟಿಯಿಂದ ಕಾಯಿಸಿ ತಟ್ಟಿದ ಅಲಗು ಹರಿತವನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತದೆ. ಮೆದು ಕಬ್ಬಿಣದ ತಗಡನ್ನು ಕತ್ತರಿಸಿ ಮಾಡಿದ್ದು ಹೊಸದರಲ್ಲಿ ಹೊಳೆಯುತ್ತದೆ, ವಾರದಲ್ಲಿ ಮೊಂಡಾಗುತ್ತದೆ. ಪರೀಕ್ಷೆ ಸುಲಭ. ಅಂಗಡಿಯಲ್ಲಿ ಅರ ಇದ್ದರೆ ಬಾಯಿಯ ಮೇಲೆ ಮೆಲ್ಲಗೆ ಎಳೆದು ನೋಡಿ. ಅರ ಕಚ್ಚಿ ಪುಡಿ ಸಲೀಸಾಗಿ ಉದುರಿದರೆ ಕಬ್ಬಿಣ ಮೆದು. ಜಾರುವಂತಿದ್ದರೆ ಹದ ಚೆನ್ನಾಗಿದೆ. ಬಾಯಿಯ ಬಳಿ ನೀಲಿ ಬಣ್ಣ ತಿರುಗಿದ್ದರೆ ಸಾಣೆ ಯಂತ್ರದ ಬಿಸಿಗೆ ಹದ ಹೋಗಿರುತ್ತದೆ, ಅಂಥದ್ದು ಬೇಡ. ಮನೆಯಲ್ಲಿ ಅತ್ತೆಯ ಕಾಲದ ತಟ್ಟಿದ ಕುಡುಗೋಲು ಇದ್ದರೆ ಎಸೆಯಬೇಡಿ. ಹೊಸ ಹಿಡಿ ಹಾಕಿಸಿ, ಬಾಯಿ ತಟ್ಟಿಸಿದರೆ ಸಂತೆಯ ಹೊಸದಕ್ಕಿಂತ ಅದೇ ವಾಸಿ.

ಎರಡನೆಯದು ಹಿಡಿ. ಮುಷ್ಟಿ ಕಟ್ಟಿದಾಗ ನಾಲ್ಕು ಬೆರಳೂ ಹಿಡಿಯ ಮೇಲೆ ಕೂರಬೇಕು. ಗಂಡಸರ ಕೈಗೆ ಮಾಡಿದ ದಪ್ಪ ಹಿಡಿಯನ್ನು ಸಣ್ಣ ಕೈ ಬಿಗಿಯಾಗಿ ಅದುಮಬೇಕಾಗುತ್ತದೆ. ಸಂಜೆ ಹೊತ್ತಿಗೆ ಬೆರಳು ಜೋಮು ಹಿಡಿಯಲು ಅದೂ ಒಂದು ಕಾರಣ. ಅಲಗಿನ ಬಾಲ ಹಿಡಿಯನ್ನು ಪೂರ್ತಿ ತೂರಿ, ಹಿಂದೆ ಮಡಚಿ ಬಡಿದಿರಬೇಕು. ಕತ್ತಿನಲ್ಲಿ ಕಬ್ಬಿಣದ ಬಳೆ ಬಿಗಿಯಾಗಿರಬೇಕು. ಎರಡೂ ಕಡೆ ಹಿಡಿದು ಅಲ್ಲಾಡಿಸಿ; ಚೂರು ಅಲುಗಿದರೂ ವಾಪಸ್ ಇಡಿ.

ಮೂರನೆಯದು, ನೀವು ಕೊಯ್ಯುವ ಮೇವು. ರಾಗಿ, ಭತ್ತ, ಬದುವಿನ ಹುಲ್ಲಿಗೆ ಹಲ್ಲಿನ ಕುಡುಗೋಲು ಸರಿ. ಭೋಪಾಲ್‌ನ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆ ರೂಪಿಸಿದ 'ನವೀನ್' ಕುಡುಗೋಲು ಇದೇ ಜಾತಿಯದು. ಅದರ ಹಿಡಿಯ ಆಕಾರವನ್ನೇ ಕೈಗೆ ಪೆಟ್ಟಾಗದಂತೆ ಮಾಡಿದ್ದಾರೆ. ಬಲಿತ ಸೀಮೆಹುಲ್ಲು, ಮುಸುಕಿನ ಜೋಳದ ದಂಟಿಗೆ ಹಲ್ಲಿಲ್ಲದ, ತುಸು ತೂಕದ ಕುಡುಗೋಲು ಬೇಕು. ಕೊಂಬೆ ಕಡಿಯಲು ಮಚ್ಚು ಬೇರೆಯೇ ಇರಲಿ. ಕುಡುಗೋಲಿನಲ್ಲಿ ಕೊಂಬೆ ಕಡಿಯಲು ಹೋಗಿಯೇ ಎಷ್ಟೋ ಹಿಡಿಗಳು ಸಡಿಲವಾಗುವುದು.

ಎಡಗೈಯವರಿಗೆ ಇನ್ನೊಂದು ಮಾತು. ಕುಡುಗೋಲಿಗೆ ಸಾಮಾನ್ಯವಾಗಿ ಒಂದೇ ಮಗ್ಗುಲಲ್ಲಿ ಸಾಣೆ ಇರುತ್ತದೆ, ಅದೂ ಬಲಗೈಗೆ ಹೊಂದುವಂತೆ. ಎಡಗೈಯಲ್ಲಿ ಹಿಡಿದರೆ ಅದು ಜಾರಿ ಪಕ್ಕಕ್ಕೆ ಓಡುತ್ತದೆ. ತಪ್ಪು ನಿಮ್ಮದಲ್ಲ. ಇನ್ನೊಂದು ಮಗ್ಗುಲಿಗೆ ತಟ್ಟಿಕೊಡಿ ಎಂದು ಕುಲುಮೆಯವರಿಗೆ ಹೇಳಿ, ಮಾಡಿಕೊಡುತ್ತಾರೆ.

ದನದ ಡಾಕ್ಟರಿಗೆ ಕುಡುಗೋಲಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಮೂರು ಕಾರಣಗಳಿವೆ.

ಕೀವಾದ ಬೆರಳಿನಲ್ಲಿ ಕರೆದರೆ ಸ್ಟ್ಯಾಫಿಲೊಕಾಕಸ್‌ನಂಥ ರೋಗಾಣು ಕೆಚ್ಚಲಿಗೆ ಹೋಗಬಹುದು. ಹಾಗೆ ಬಂದ ಬಾವು ಬೇಗ ವಾಸಿಯಾಗುವ ಪೈಕಿಯಲ್ಲ. ಹಸುವಿನಿಂದ ನಿಮಗೆ ಬರುವ ಅಪಾಯ ಇನ್ನೂ ದೊಡ್ಡದು. ಕಂದು ಹಾಕಿದ ಹಸುವಿನ ಮಾಸನ್ನು, ಅಂದರೆ ಸತ್ತೆಯನ್ನು, ಗಾಯದ ಕೈಯಲ್ಲಿ ಮುಟ್ಟಿದರೆ ಕಂದು ರೋಗದ ರೋಗಾಣು ಆ ಗಾಯದಿಂದಲೇ ಒಳಗೆ ಹೋಗುತ್ತದೆ. ಬಿಟ್ಟುಬಿಟ್ಟು ಬರುವ ಜ್ವರ, ಕೀಲು ನೋವು ತಿಂಗಳುಗಟ್ಟಲೆ ಕಾಡುತ್ತದೆ. ಕೈಗವಸು ಇಲ್ಲದೆ ಅದನ್ನು ಮುಟ್ಟಲೇಬೇಡಿ.

ಎರಡನೆಯದು ಆ ಕಟ್ಟುತಂತಿ. ಹಸು ನಮ್ಮ ಹಾಗೆ ಆರಿಸಿ ತಿನ್ನುವುದಿಲ್ಲ, ಬಾಚಿ ನುಂಗುತ್ತದೆ. ಹಿಡಿಯಿಂದ ಉದುರಿದ ಒಂದು ಅಂಗುಲ ತಂತಿ ಮೇವಿನ ಜೊತೆ ಒಳಗೆ ಹೋದರೆ ಎರಡನೇ ಹೊಟ್ಟೆಯಲ್ಲಿ ಉಳಿಯುತ್ತದೆ. ಅದರ ಮುಂದೆಯೇ ಹೃದಯ. ತಂತಿ ಚುಚ್ಚಿಕೊಂಡು ಅಲ್ಲಿಗೆ ಮುಟ್ಟಿದರೆ ಹಸು ಮೇವು ಬಿಡುತ್ತದೆ, ಮೊಣಕೈ ಅಗಲಿಸಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಹೆಜ್ಜೆ ಇಡಲು ಹಿಂಜರಿಯುತ್ತದೆ, ಎದೆಯ ಕೆಳಗೆ ನೀರು ತುಂಬುತ್ತದೆ. ಆ ಹಂತಕ್ಕೆ ಹೋದ ಹಸುವನ್ನು ನಾವು ಉಳಿಸುವುದು ಅಪರೂಪ. ಆದ್ದರಿಂದ ಕುಡುಗೋಲಿನ ಹಿಡಿಗೆ ತಂತಿ ಸುತ್ತಬೇಡಿ. ಸಡಿಲವಾದರೆ ಹೊಸ ಹಿಡಿಯನ್ನೇ ಹಾಕಿಸಿ.

ಮೂರನೆಯದು ಕರುವಿನ ಹೊಕ್ಕುಳು. ಹುಲ್ಲು ಕೊಯ್ದ ಕುಡುಗೋಲಿನಲ್ಲೇ ಹೊಕ್ಕುಳಬಳ್ಳಿ ಕತ್ತರಿಸುವುದನ್ನು ಕಂಡಿದ್ದೇನೆ. ಮಣ್ಣು, ಸಗಣಿಯಲ್ಲಿರುವ ಧನುರ್ವಾಯುವಿನ ರೋಗಾಣುವಿಗೆ ಅದು ತೆರೆದ ಬಾಗಿಲು. ಹೊಸ ಬ್ಲೇಡು, ಕುದಿಸಿದ ದಾರ, ಟಿಂಚರ್ ಅಯೋಡಿನ್ ಇವನ್ನು ಒಂದು ಡಬ್ಬಿಯಲ್ಲಿ ಬೇರೆಯಾಗಿ ಇಡಿ. ಗೊರಸು ಕೆತ್ತಲೂ ಕುಡುಗೋಲು ಬೇಡ, ನಮ್ಮನ್ನು ಕರೆಯಿರಿ.

ಕೊಂಡ ಮೇಲೂ ಸ್ವಲ್ಪ ಆರೈಕೆ ಬೇಕು. ಹರಿತ ಇದ್ದರೆ ಭಯ ಅನ್ನುವವರಿದ್ದಾರೆ. ಮೊಂಡು ಕುಡುಗೋಲೇ ಹೆಚ್ಚು ಅಪಾಯ, ಏಕೆಂದರೆ ಅದಕ್ಕೆ ಬಲ ಹಾಕಬೇಕು, ಬಲ ಹಾಕಿದಾಗಲೇ ಅದು ಜಾರುವುದು. ಹಲ್ಲಿಲ್ಲದ ಕುಡುಗೋಲಾದರೆ ಎರಡು ಮೂರು ದಿನಕ್ಕೊಮ್ಮೆ ಸಾಣೆಕಲ್ಲಿನಲ್ಲಿ ಸಾಣೆ ಇರುವ ಮಗ್ಗುಲನ್ನು ನಾಲ್ಕು ಸಲ ತೀಡಿ. ಕೆಲಸ ಮುಗಿದ ಮೇಲೆ ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ. ಕೊಯ್ಯುವಾಗ ಮೇವು ಹಿಡಿದ ಕೈ ಅಲಗಿಗಿಂತ ಒಂದು ಗೇಣು ಮೇಲಿರಲಿ. ಹೊರೆ ಹೊತ್ತು ಬರುವಾಗ ಹಳೇ ಸೈಕಲ್ ಟ್ಯೂಬ್ ಸೀಳಿ ಅಲಗಿಗೆ ತೊಡಿಸಿ. ಹಿಡಿಗೆ ಕೆಂಪು ಬಣ್ಣ ಬಳಿದರೆ ಹುಲ್ಲಿನಲ್ಲಿ ಕಳೆಯುವುದಿಲ್ಲ, ಮೇವಿನ ಜೊತೆ ಕತ್ತರಿಸುವ ಯಂತ್ರಕ್ಕೂ ಹೋಗುವುದಿಲ್ಲ. ಇಷ್ಟಾಗಿಯೂ ಗಾಯವಾದರೆ ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಸೋಪು ನೀರಿನಲ್ಲಿ ತೊಳೆದು ಆವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಗಾಯ ಮಾಯುವವರೆಗೆ ಹಾಲು ಕರೆಯುವ ಕೆಲಸ ಮನೆಯಲ್ಲಿ ಇನ್ನೊಬ್ಬರು ಮಾಡಲಿ.

ಕೊನೆಗೆ, ನಮ್ಮ ಮಹಿಳಾ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಒಂದು ಕೋರಿಕೆ. ಮುಂದಿನ ಸರ್ವಸದಸ್ಯರ ಸಭೆಗೆ ಹತ್ತಿರದ ಕುಲುಮೆಯವರನ್ನು ಕರೆಸಿ. ಬೇರೆ ಬೇರೆ ಅಳತೆಯ ಹತ್ತು ಕುಡುಗೋಲು ಮೇಜಿನ ಮೇಲಿಡಲಿ. ಸದಸ್ಯೆಯರು ಒಬ್ಬೊಬ್ಬರಾಗಿ ಹಿಡಿದು ನೋಡಿ, ತಮ್ಮ ಕೈಗೆ ಹೊಂದಿದ್ದನ್ನು ಹೇಳಿ ಮಾಡಿಸಿಕೊಳ್ಳಲಿ. ಒಟ್ಟಿಗೆ ಮಾಡಿಸಿದರೆ ಬೆಲೆಯೂ ಇಳಿಯುತ್ತದೆ, ಕುಲುಮೆಯ ಬೆಂಕಿಯೂ ಆರದೆ ಉಳಿಯುತ್ತದೆ.

ಸಂಘ ಕರೆಸುವವರೆಗೆ ಕಾಯಬೇಕಾಗಿಲ್ಲ. ಈ ಸಲದ ಬಟವಾಡೆ ಬಂದಾಗ, ಹಿಂಡಿ ಚೀಲದ ದುಡ್ಡು ತೆಗೆದಿಡುವಾಗಲೇ ಕುಡುಗೋಲಿನ ದುಡ್ಡನ್ನೂ ತೆಗೆದಿಡಿ. ಯಾರ ಕೈಯಲ್ಲೂ ಹೇಳಿ ಕಳಿಸಬೇಡಿ. ನೀವೇ ಹೋಗಿ, ಹಿಡಿದು ನೋಡಿ, ತನ್ನಿ.