ಜೀಪು ಹತ್ತುವ ಬೆಟ್ಟವನ್ನು ವಿಮೆ ಹತ್ತುವುದೇ?

ಕೊಡಚಾದ್ರಿಯ ಹಾದಿಯನ್ನು ಕಂಡವರಿಗೆ ಜೀಪಿನ ಮಹಿಮೆಯನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಮಳೆಗೆ ಕೊಚ್ಚಿಹೋದ ಮಣ್ಣು, ಮೇಲೆದ್ದ ಬಂಡೆ, ಪಕ್ಕದಲ್ಲಿಯೇ ಕಣಿವೆ. ಸಾಧಾರಣ ಕಾರು ಅಂಜುವ ಆ ದಾರಿಯಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಹರಿಯುವ ಈ ವಾಹನ ಓಲಾಡುತ್ತಲೇ ಮೇಲೇರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆಂದು ಹುಟ್ಟಿದ ಜೀಪು ಸ್ವಾತಂತ್ರ್ಯ ಬಂದ ಹೊಸದರಲ್ಲಿಯೇ ಮುಂಬಯಿಯಲ್ಲಿ ಜೋಡಣೆಗೊಂಡು, ಮುಂದೆ ಮಲೆನಾಡಿನ ತೋಟಗಳ ಒಡನಾಡಿಯಾಯಿತು. ಈಗ ಅದೇ ಬಳಗದ ಥಾರ್, ಜಿಮ್ನಿ ಮೊದಲಾದವು ನಗರದ ಬಡಾವಣೆಗಳಲ್ಲಿಯೂ ಮನೆಯ ಮುಂದೆ ನಿಂತಿವೆ. ರಜೆ ಬಂದೊಡನೆ ಕುಟುಂಬಸಮೇತ ಬೆಟ್ಟದ ಕಡೆಗೆ ಪ್ರಯಾಣ. “ಏನಾದರೂ ಆದರೆ?” ಎಂದು ಮನೆಯಾಕೆ ಶಂಕಿಸಿದರೆ, “ಫುಲ್ ಇನ್ಶೂರೆನ್ಸ್ ಇದೆಯಲ್ಲ!” ಎಂಬ ಧೈರ್ಯದ ಉತ್ತರ ಸಿದ್ಧವಾಗಿರುತ್ತದೆ.

ಆ ‘ಫುಲ್’ ಎಂಬ ಮಾತು ಎಷ್ಟರಮಟ್ಟಿಗೆ ಪೂರ್ಣವೆಂಬುದನ್ನು ಅಪಘಾತಕ್ಕೆ ಮುಂಚೆಯೇ ವಿಚಾರಿಸುವುದು ಒಳ್ಳೆಯದು. ಅನಂತರ ವಿಚಾರಿಸುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ವಾಹನ ವಿಮೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಪರರಿಗಾಗಿ, ಎರಡನೆಯದು ತನಗಾಗಿ. ಕಾನೂನು ಕಡ್ಡಾಯ ಮಾಡಿರುವುದು ಪರರಿಗಾಗಿ ಇರುವುದನ್ನು ಮಾತ್ರ. ಇದನ್ನೇ ‘ಥರ್ಡ್ ಪಾರ್ಟಿ’ ವಿಮೆ ಎನ್ನುತ್ತಾರೆ. 1939ರ ಮೋಟಾರು ವಾಹನ ಕಾಯಿದೆಯಲ್ಲಿ ಸೇರಿದ್ದ ಈ ಕಡ್ಡಾಯ 1946ರ ಜುಲೈ 1ರಿಂದ ಆಚರಣೆಗೆ ಬಂದಿತು. ಈಗಿರುವ 1988ರ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ವಾಹನಕ್ಕೆ ಸಿಕ್ಕಿದ ದಾರಿಹೋಕನ ಸಂಸಾರ, ವಾಹನದ ಒಡೆಯನ ಬಳಿ ಹಣವಿಲ್ಲವೆಂಬ ಕಾರಣಕ್ಕೆ ಬೀದಿಪಾಲಾಗಬಾರದೆಂಬುದು ಇದರ ಹಿಂದಿರುವ ನ್ಯಾಯ. ಮರಣಕ್ಕೂ ಅಂಗಹಾನಿಗೂ ಕಂಪನಿ ಕೊಡಬೇಕಾದ ಪರಿಹಾರಕ್ಕೆ ಇಂತಿಷ್ಟೇ ಎಂಬ ಮೇರೆಯಿಲ್ಲ. ನ್ಯಾಯಮಂಡಳಿ ನಿರ್ಧರಿಸಿದ್ದೇ ಮೊಬಲಗು. ಚಾಲಕನಿಗೆ ಸರಿಯಾದ ಲೈಸೆನ್ಸ್ ಇರದಿದ್ದರೂ ಕಂಪನಿ ಮೊದಲು ನೊಂದವರಿಗೆ ಹಣ ಕೊಟ್ಟು, ಬಳಿಕ ಅದನ್ನು ಒಡೆಯನಿಂದ ವಸೂಲು ಮಾಡಿಕೊಳ್ಳಬಹುದೆಂಬ ಮಾರ್ಗವನ್ನು ಸುಪ್ರೀಂ ಕೋರ್ಟು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ನೊಂದವನಿಗೆ ರಕ್ಷಣೆ ದೊರೆಯಿತು. ಆದರೆ ಒಡೆಯನ ಮನೆಮಠ ಉಳಿಯಿತೆಂದು ಅದರ ಅರ್ಥವಲ್ಲ.

ಈ ಭಾಗದ ದರವನ್ನು ಗೊತ್ತುಮಾಡುವುದು ಕಂಪನಿಯಲ್ಲ, ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಸ್ವಂತ ಬಳಕೆಯ ಕಾರುಗಳಿಗೆ ಎಂಜಿನಿನ ಗಾತ್ರವೇ ಅಳತೆಗೋಲು. 1,000 ಸಿ.ಸಿ.ವರೆಗೆ ವರ್ಷಕ್ಕೆ 2,094 ರೂಪಾಯಿ, 1,500ರವರೆಗೆ 3,416, ಅದಕ್ಕೂ ಮೀರಿದರೆ 7,897. ಜಿಮ್ನಿಯ ಎಂಜಿನ್ 1,462 ಸಿ.ಸಿ. ಆದ್ದರಿಂದ ಅದು ನಡುವಿನ ಪಂಕ್ತಿಗೆ ಸೇರುತ್ತದೆ, 2,184 ಸಿ.ಸಿ.ಯ ಡೀಸೆಲ್ ಥಾರ್ ಮೇಲಿನ ಪಂಕ್ತಿಗೆ. ಬೆಟ್ಟ ಒಂದೇ, ದಾರಿ ಒಂದೇ, ಕಂತು ಮಾತ್ರ ಇಮ್ಮಡಿಗೂ ಮಿಗಿಲು! ಹೊಸ ಕಾರಿಗೆ ಮೂರು ವರ್ಷಗಳ ಕಂತನ್ನು ಒಟ್ಟಿಗೆ ಕಟ್ಟಬೇಕೆಂಬ ನಿಯಮವೂ 2018ರ ಸೆಪ್ಟೆಂಬರಿನಿಂದ ಬಂದಿದೆ.

ತನಗಾಗಿ ಕೊಳ್ಳುವ ಎರಡನೆಯ ಭಾಗದ ದರ 2007ರಿಂದ ಕಂಪನಿಗಳ ಇಚ್ಛೆಗೆ ಬಿಟ್ಟದ್ದು. ಆದ್ದರಿಂದ ನಾಲ್ಕು ಕಡೆ ಕೇಳಿ ತೂಗಿನೋಡುವುದು ಜಾಣತನ. ಇಲ್ಲಿ ಎಲ್ಲಕ್ಕೂ ಮೂಲ ‘ಐ.ಡಿ.ವಿ.’ ಎಂಬ ಬೆಲೆ. ವಾಹನ ಕಳವಾದರೆ ಅಥವಾ ದುರಸ್ತಿಗೆ ನಿಲುಕದಷ್ಟು ಜಖಂ ಆದರೆ ದೊರೆಯುವ ಗರಿಷ್ಠ ಹಣ ಇದೇ. ಬಳಕೆಯಲ್ಲಿರುವ ಪಟ್ಟಿಯಂತೆ ಎರಡನೆಯ ವರ್ಷದಲ್ಲಿ ಮಾರಾಟದ ಬೆಲೆಗಿಂತ ಶೇಕಡಾ 20, ಐದನೆಯ ವರ್ಷದಲ್ಲಿ ಶೇಕಡಾ 50 ಸವಕಳಿಯೆಂದು ಕಳೆಯುತ್ತಾರೆ. ಕಂತು ಕಡಿಮೆಯಾಗಲೆಂದು ಐ.ಡಿ.ವಿ.ಯನ್ನು ಇನ್ನೂ ಕೆಳಗಿಳಿಸಿ ಬರೆಸುವವರು, ಗಾಡಿ ಕಳವಾದ ದಿನ ಆ ಉಳಿತಾಯಕ್ಕಾಗಿ ಮರುಗಬೇಕಾಗುತ್ತದೆ.

ದುರಸ್ತಿಯ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 1,500 ಸಿ.ಸಿ. ಮೀರಿದ, ನಾಲ್ಕು ವರ್ಷ ದಾಟಿ ಐದು ತುಂಬದ ಒಂದು ಜೀಪು ಮರಕ್ಕೆ ಗುದ್ದಿತೆನ್ನೋಣ. ವರ್ಕ್‌ಷಾಪಿನ ಬಿಲ್ಲು ಒಂದು ಲಕ್ಷ: ಲೋಹದ ಭಾಗಗಳಿಗೆ 40,000, ಪ್ಲಾಸ್ಟಿಕ್ ಮತ್ತು ರಬ್ಬರಿಗೆ 20,000, ಗಾಜಿಗೆ 10,000, ಕೂಲಿ 30,000. ಸಾಮಾನ್ಯ ಪಾಲಿಸಿಯಲ್ಲಿ ಈ ವಯಸ್ಸಿನ ಗಾಡಿಯ ಲೋಹಕ್ಕೆ ಶೇಕಡಾ 35 ಸವಕಳಿ, ಪ್ಲಾಸ್ಟಿಕ್ ಮತ್ತು ರಬ್ಬರಿಗೆ ಶೇಕಡಾ 50. ಗಾಜಿಗೂ ಕೂಲಿಗೂ ಕಡಿತವಿಲ್ಲ. ಹೀಗೆ ಉಳಿಯುವುದು 76,000. ಅದರಲ್ಲಿ ಒಡೆಯ ಕಡ್ಡಾಯವಾಗಿ ಹೊರಬೇಕಾದ 2,000 ಕಳೆದರೆ 74,000. ಮಿಕ್ಕ 26,000 ಗೃಹಸ್ಥನ ಜೇಬಿನಿಂದಲೇ ಹೋಗತಕ್ಕದ್ದು. ಸವಕಳಿಯ ಕಡಿತ ಬೇಡವೆನ್ನುವವರಿಗೆ ‘ಜೀರೋ ಡಿಪ್ರಿಸಿಯೇಷನ್’ ಎಂಬ ಹೆಚ್ಚುವರಿ ರಕ್ಷಣೆ ಉಂಟು. ಅದಕ್ಕೆ ಕಂತೂ ಹೆಚ್ಚು.

ಇನ್ನು ಬೆಟ್ಟದ ಮಾತು. ಕಾಡುದಾರಿಯಲ್ಲಿ ಓಡಿಸಿದ ಮಾತ್ರಕ್ಕೆ ವಿಮೆ ರದ್ದಾಗುವುದಿಲ್ಲ. ಜೀಪು ಜಾರಿ ಉರುಳಿದರೆ ಅದು ಅಪಘಾತವೇ. ಆದರೆ ಏರಿನಲ್ಲಿ ಎಳೆದೆಳೆದು ಕ್ಲಚ್ಚು ಸುಟ್ಟರೆ ಅದು ಯಂತ್ರದ ಸವೆತ. ಪಾಲಿಸಿ ಅದಕ್ಕೆ ಹೊಣೆಯಲ್ಲ. ಹಳ್ಳ ದಾಟುವಾಗ ನೀರು ನುಗ್ಗಿ ನಿಂತ ಎಂಜಿನನ್ನು ಮತ್ತೆ ಚಾಲೂ ಮಾಡಲು ಯತ್ನಿಸಿ ಕೆಡಿಸಿಕೊಂಡರೂ ಕಂಪನಿ ತಕರಾರು ತೆಗೆಯುವುದು ಸಾಮಾನ್ಯ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳು ಜಲಾವೃತವಾದಾಗ, ಹಳ್ಳವನ್ನೇ ಕಾಣದ ಕಾರುಗಳಿಗೂ ಈ ಭಯ ಬಂದೊದಗಿತು. ನೀರಿನಲ್ಲಿ ನಿಂತ ಗಾಡಿಯನ್ನು ಚಾಲೂ ಮಾಡದೆ ಎಳೆಸುವುದು, ಎಂಜಿನ್ ರಕ್ಷಣೆಯ ಹೆಚ್ಚುವರಿ ಭಾಗವನ್ನು ಮೊದಲೇ ಕೊಂಡಿರುವುದು, ಇವೆರಡೇ ಉಪಾಯ.

ಪಂದ್ಯ, ವೇಗದ ಪರೀಕ್ಷೆ, ವಾಹನದ ತಾಳಿಕೆಯ ಪರೀಕ್ಷೆ, ಇವುಗಳಿಗೂ ಸಾಮಾನ್ಯ ಪಾಲಿಸಿ ಅನ್ವಯಿಸದು. ದೊಡ್ಡ ಟೈರು ಹಾಕಿಸಿ, ಗಾಡಿಯನ್ನು ಎತ್ತರಿಸಿ ಮೆರೆಯುವ ತರುಣರು ಇನ್ನೊಂದು ಸಂಗತಿಯನ್ನು ಅರಿಯಬೇಕು. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆ ಪರಿಹಾರದ ಹೊತ್ತಿನಲ್ಲಿ ಕಂಟಕವಾದೀತು. ಪ್ರವಾಸಿಗರಿಂದ ಬಾಡಿಗೆ ಪಡೆದು ಬಿಳಿ ಬೋರ್ಡಿನ ಸ್ವಂತ ಜೀಪನ್ನು ಬೆಟ್ಟಕ್ಕೆ ಓಡಿಸುವುದೂ ಅಂಥದೇ. ಬಾಡಿಗೆಯ ವಾಹನಕ್ಕೆ ಬೇರೆ ಪರವಾನಗಿ, ಬೇರೆ ಪಾಲಿಸಿ. ಹತ್ತುವವರು ಬೋರ್ಡಿನ ಬಣ್ಣವನ್ನು ಒಮ್ಮೆ ನೋಡಿಕೊಳ್ಳುವುದು ಕ್ಷೇಮ. ವಿಹಾರಧಾಮಗಳ ಆವರಣದಲ್ಲಿ ಓಡಿಸಲು ಕೊಡುವ ಹ್ಯಾಂಡಲಿನ ನಾಲ್ಕು ಚಕ್ರದ ಎ.ಟಿ.ವಿ.ಗಳು ಸಾಮಾನ್ಯವಾಗಿ ರಸ್ತೆಗೆ ನೋಂದಣಿಯಾದವುಗಳಲ್ಲ. ಕಾರಿನ ವಿಮೆ ಅಲ್ಲಿಗೆ ಬರುವುದಿಲ್ಲ. ಸ್ವಂತದ ಅಪಘಾತ ವಿಮೆಯಲ್ಲಿಯೂ ಸಾಹಸಕ್ರೀಡೆಗಳನ್ನು ಹೊರಗಿಟ್ಟಿರುವುದುಂಟು. ಮಕ್ಕಳನ್ನು ಅದರ ಮೇಲೆ ಕೂರಿಸುವ ಮುನ್ನ ತಂದೆತಾಯಂದಿರು ಇದನ್ನು ನೆನೆಯಬೇಕು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಳಗೆ ಕುಳಿತವರದು. ಹಣ ಉಳಿಸಲೆಂದು ಥರ್ಡ್ ಪಾರ್ಟಿ ಮಾತ್ರ ಕಟ್ಟಿದ ಸ್ವಂತ ಜೀಪಿನಲ್ಲಿ ಸೋದರಮಾವ, ನಾದಿನಿ, ನೆರೆಮನೆಯ ಹುಡುಗ ಕುಳಿತಿದ್ದಾರೆ. ಅವರು ಕಾನೂನಿನ ಕಣ್ಣಿನಲ್ಲಿ ‘ಪರರು’ ಅಲ್ಲ. ಬಾಡಿಗೆಯಿಲ್ಲದೆ ಹತ್ತಿಸಿಕೊಂಡವರಿಗೆ ಕಡ್ಡಾಯ ವಿಮೆಯಷ್ಟರಿಂದಲೇ ರಕ್ಷಣೆಯಿಲ್ಲವೆಂಬುದು 2006ರ ತಿಲಕ್ ಸಿಂಗ್ ತೀರ್ಪಿನ ಸಾರ. ಎರಡೂ ಭಾಗ ಸೇರಿದ ಪ್ಯಾಕೇಜ್ ಪಾಲಿಸಿಯಿದ್ದರೆ ಕಾರಿನೊಳಗಿನವರೂ ಅದರ ಆಶ್ರಯಕ್ಕೆ ಬರುತ್ತಾರೆಂಬುದನ್ನು ಅದೇ ನ್ಯಾಯಾಲಯ 2012ರಲ್ಲಿ ಗುರುತಿಸಿತು. ತಾನೇ ಓಡಿಸುವ ಒಡೆಯನಿಗೆ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆ ಬೇರೆಯಾಗಿಯೇ ಇದೆ. ಹೀಗಾಗಿ ಹಳೆಯ ಗಾಡಿಯೆಂದು ಎರಡನೆಯ ಭಾಗವನ್ನು ಕೈಬಿಡುವವರು ಲೆಕ್ಕಹಾಕಬೇಕಾದದ್ದು ತಗಡಿನ ಬೆಲೆಯನ್ನಲ್ಲ, ಒಳಗೆ ಕುಳಿತ ಬಂಧುಗಳನ್ನು.

ಹಳೆಯ ಜೀಪು ಕೊಳ್ಳುವವರು ಹದಿನಾಲ್ಕು ದಿನಗಳೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕು. ವರ್ಷವಿಡೀ ಪರಿಹಾರ ಕೇಳದವರಿಗೆ ದೊರೆಯುವ ‘ನೋ ಕ್ಲೇಮ್ ಬೋನಸ್’ ಶೇಕಡಾ 20ರಿಂದ ಆರಂಭವಾಗಿ ಐದು ವರ್ಷಗಳಲ್ಲಿ ಶೇಕಡಾ 50ಕ್ಕೆ ಏರುತ್ತದೆ. ಅದು ಎರಡನೆಯ ಭಾಗದ ಕಂತಿಗೆ ಮಾತ್ರ. ಆ ಕಂತು 16,000 ಇದ್ದಲ್ಲಿ ಉಳಿಯುವುದು 8,000. ಐದು ಸಾವಿರದ ಗೀರಿಗೆ ಪರಿಹಾರ ಕೇಳಿ ಎಂಟು ಸಾವಿರ ಕಳೆದುಕೊಳ್ಳುವುದು ಲಾಭದ ವ್ಯಾಪಾರವಲ್ಲ. ಅವಧಿ ಮುಗಿದು ತೊಂಬತ್ತು ದಿನಗಳೊಳಗೆ ನವೀಕರಿಸದಿದ್ದರೆ ಈ ಸಂಚಿತ ಪುಣ್ಯವೂ ಕರಗಿಹೋಗುತ್ತದೆ.

ಪ್ರವಾಸಕ್ಕೆ ಮುನ್ನ ಟೈರಿಗೆ ಗಾಳಿ, ಟ್ಯಾಂಕಿಗೆ ಎಣ್ಣೆ, ಬುಟ್ಟಿಗೆ ತಿಂಡಿ ತುಂಬಿಸುವ ಗೃಹಸ್ಥರು ಅರ್ಧ ಗಂಟೆ ಬಿಡುವು ಮಾಡಿಕೊಂಡು ಪಾಲಿಸಿಯ ಕಾಗದವನ್ನೂ ಓದಲಿ. ಅವಧಿ ಎಂದಿನವರೆಗೆ, ಪಾಲಿಸಿ ಯಾವ ಬಗೆಯದು, ಬಳಕೆ ಯಾವುದಕ್ಕೆ, ಐ.ಡಿ.ವಿ. ಎಷ್ಟು, ಹೆಚ್ಚುವರಿ ರಕ್ಷಣೆಗಳು ಯಾವುವು ಎಂಬ ಐದು ಸಂಗತಿಗಳು ಅದರಲ್ಲಿವೆ. ಮನೆಯಾಕೆಯ ಶಂಕೆಗೆ ಉತ್ತರ ಕೊಡಬೇಕಾದದ್ದು ಅವನ್ನು ಓದಿದ ಮೇಲೆ.