ಬಸ್ಸಿನ ದಾರಿ ಕಾರಿಗೇಕೆ?

ಹುಬ್ಬಳ್ಳಿ-ಧಾರವಾಡದ ನಡುವೆ ಕಾರಿನಲ್ಲಿ ಓಡಾಡುವ ಮಹನೀಯರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ. "ನಡುವಿನ ದಾರಿ ನೋಡ್ರಿ, ಖಾಲಿ ಬಿದ್ದದ. ನಮಗೂ ಬಿಟ್ರ ಇವರ ಗಂಟೇನು ಹೋಗತದ?" ಚಿಗರಿ ಬಸ್ಸಿಗೆಂದೇ ಕಾಯ್ದಿಟ್ಟ ದಾರಿಯನ್ನು ಎಲ್ಲ ವಾಹನಗಳಿಗೂ ತೆರೆದರೆ ದಟ್ಟಣೆ ಕರಗೀತೆಂಬುದು ಇವರ ವಾದ. ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ದವಾಖಾನೆಯ ಬೆಂಚಿನ ಮೇಲೆ ಕೇಳಿದ್ದೇನೆ. ಹಾಗೆ ಹೇಳಿದವರಲ್ಲಿ ಒಬ್ಬರೂ ಹೆಂಗಸರಿರಲಿಲ್ಲ.

ಖಾಲಿ ಎಂದರೇನು? ಎರಡು ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 60 ಜನ ಎಂದು ಹಿಡಿಯಿರಿ. ತಾಸಿಗೆ 1,800 ಜನ ಒಂದೇ ದಿಕ್ಕಿಗೆ ಹೋದ ಹಾಗಾಯಿತು. ಆದರೂ ಕಣ್ಣಿಗೆ ದಾರಿ ಖಾಲಿಯೇ, ಏಕೆಂದರೆ ಬಂದ ಬಸ್ಸು ಸಿಕ್ಕಿಬೀಳದೆ ಹೋಗಿಬಿಟ್ಟಿತು! ಒಲೆಯ ಮೇಲೆ ಪಾತ್ರೆ ಇಲ್ಲದ ಹೊತ್ತಿನಲ್ಲಿ ಇಣುಕಿ, ಈ ಅಡಿಗೆಮನೆಯಲ್ಲಿ ಕೆಲಸವೇ ಇಲ್ಲ ಎನ್ನುವವರ ಲೆಕ್ಕ ಇದು. 12 ಮೀಟರು ಉದ್ದದ ಒಂದು ಬಸ್ಸಿನ ಜಾಗದಲ್ಲಿ ಮೂರು ಕಾರು ನಿಂತಾವು. ಮೂರರಲ್ಲೂ ಸೇರಿ ನಾಲ್ಕೋ ಐದೋ ಜನ.

ಕಾರಿನವರ ಮಾತು ಕೇಳಿದರೆ ಏನಾಗುತ್ತದೆಂದು ದಿಲ್ಲಿಯಲ್ಲಿ ಕಂಡದ್ದಾಗಿದೆ. ಅಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ 5.8 ಕಿಲೋಮೀಟರು ಬಸ್ಸಿನ ದಾರಿ ಮಾಡಿದರು. ಕಾರಿನವರ ಕೂಗು ಕೋರ್ಟಿನ ತನಕ ಹೋಯಿತು. 2012ರಲ್ಲಿ ಹೈಕೋರ್ಟು ಆ ಅರ್ಜಿಯನ್ನು ತಳ್ಳಿಹಾಕಿದರೂ ಕೂಗು ನಿಲ್ಲಲಿಲ್ಲ. 2016ರಲ್ಲಿ ಸರಕಾರವೇ ಆ ದಾರಿಯನ್ನು ಕಿತ್ತುಹಾಕಿತು.

ನಮ್ಮಲ್ಲಿ 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಚಿಗರಿ ಓಡತೊಡಗಿತು. ವಿಧಿವತ್ತಾದ ಉದ್ಘಾಟನೆ 2020ರಲ್ಲಿ. ಸುಮಾರು 22 ಕಿಲೋಮೀಟರಿನ ಈ ದಾರಿಗೆ ವಿಶ್ವಬ್ಯಾಂಕಿನ ಹಣವೂ ಬಂತು, ಅಂಗಡಿ-ಮನೆಗಳ ಜಾಗ ಹೋಯಿತು, ಮರಗಳೂ ಹೋದವು. ಇಷ್ಟು ತೆತ್ತ ಮೇಲೆ ಬಂದದ್ದೇನು? ಉಳಿದವರದು ನನಗೆ ತಿಳಿಯದು, ಸೀರೆ ಉಡುವವರಿಗೆ ಒಂದು ದೊಡ್ಡ ಉಪಕಾರವಾಯಿತು. ಹಳೆಯ ಸಿಟಿ ಬಸ್ಸಿನ ಮೆಟ್ಟಿಲು ನೆನಪಿದೆಯಲ್ಲವೇ? ಒಂದು ಕೈಯಲ್ಲಿ ನೆರಿಗೆ, ಒಂದು ಕೈಯಲ್ಲಿ ಚೀಲ, ಕಂಬಿ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರಬೇಕು? ಹಿಂದಿನಿಂದ "ಬೇಗ ಹತ್ರೀ" ಎಂಬ ಗದರಿಕೆ ಬೇರೆ. ಚಿಗರಿಯಲ್ಲಿ ಹತ್ತುವ ಮಾತೇ ಇಲ್ಲ. ನಿಲ್ದಾಣದ ನೆಲ, ಬಸ್ಸಿನ ನೆಲ ಒಂದೇ ಮಟ್ಟ. ಬಸುರಿಯೂ ಮೊಣಕಾಲು ನೋವಿನ ಅಜ್ಜಿಯೂ ಹೊಸ್ತಿಲು ದಾಟಿದಂತೆ ಒಳಗೆ ಹೋಗುತ್ತಾರೆ. ಇದನ್ನು ಬಿಟ್ಟುಕೊಡಿ ಎಂದರೆ ಬಿಟ್ಟುಕೊಡಬೇಕೆ?

ಆದರೆ ನಕ್ಷೆ ಬರೆದವರ ಮೇಲೆ ನನ್ನ ಸಿಟ್ಟು ಬೇರೆಯೇ ಇದೆ. ಬಸ್ಸಿನ ಹೊಸ್ತಿಲನ್ನು ಅಷ್ಟು ನಯವಾಗಿ ಯೋಚಿಸಿದವರು, ಆ ಹೊಸ್ತಿಲಿನ ತನಕ ಬರುವ ದಾರಿಯನ್ನು ಅರ್ಧಕ್ಕೆ ಬಿಟ್ಟರು. ನಿಲ್ದಾಣ ಇರುವುದು ರಸ್ತೆಯ ನಟ್ಟನಡುವೆ. ಯಾವ ಕಡೆಯಿಂದ ಬಂದರೂ ಅರ್ಧ ರಸ್ತೆ ದಾಟಲೇಬೇಕು. ಧಾರವಾಡದ ಮನೆಯಿಂದ ಹುಬ್ಬಳ್ಳಿಯ ಕಚೇರಿಗೆ ಹೋಗುವ ಗಂಡಸು ಹತ್ತುವಾಗ ಒಮ್ಮೆ, ಇಳಿದ ಮೇಲೆ ಒಮ್ಮೆ ದಾಟಿದರೆ ಮುಗಿಯಿತು. ನಮ್ಮ ಪ್ರಯಾಣ ಹಾಗೆ ನೆಟ್ಟಗಿರುತ್ತದೆಯೇ? ಮಗುವನ್ನು ಶಾಲೆಗೆ ಬಿಟ್ಟು, ಅತ್ತೆಯ ಔಷಧ ತೆಗೆದುಕೊಂಡು, ಆಮೇಲೆ ಕೆಲಸಕ್ಕೆ. ನಡುವೆ ಎರಡು ಕಡೆ ಇಳಿದು ಹತ್ತಿದರೆ ಎರಡರ ಬದಲು ಆರು ಸಲ ಅರ್ಧರ್ಧ ರಸ್ತೆ ದಾಟಬೇಕು, ಅದೂ ಮಗುವಿನ ಕೈ ಹಿಡಿದು. ನವಲೂರಿನ ಪೇರಲಹಣ್ಣಿನ ಬುಟ್ಟಿ ಹೊತ್ತ ಹೆಂಗಸು ಈ ದಾರಿಗಿಂತ ಎಷ್ಟೋ ಹಳಬಳು. ನಕ್ಷೆಯಲ್ಲಿ ಅವಳ ಬುಟ್ಟಿಗೊಂದು ಜಾಗ ಬರೆಯಬಾರದೆ?

ಈಚೆಗೆ ಟ್ರಾಮು ತರುವ ಮಾತೂ ಎದ್ದಿತ್ತು. ಟ್ರಾಮಾದರೂ ಬರಲಿ, ಇದೇ ಬಸ್ಸಾದರೂ ಇರಲಿ, ನಡುವಿನ ದಾರಿಯಲ್ಲಿ ಕಾರು ನುಗ್ಗಬಾರದು. ಮುಂದಿನ ನಕ್ಷೆಯನ್ನು ನಿಲ್ದಾಣದಿಂದಲ್ಲ, ಓಣಿಯ ಬಾಯಿಂದ ಶುರು ಮಾಡಲಿ. ರಸ್ತೆ ದಾಟುವ ಹಸಿರು ದೀಪ ಎಷ್ಟು ಸೆಕೆಂಡು ಉರಿಯಬೇಕೆಂದು ತರುಣ ಎಂಜಿನಿಯರು ತನ್ನ ಹೆಜ್ಜೆಯಲ್ಲಿ ಅಳೆಯುವುದು ಬೇಡ. ಒಂದು ಸಂಜೆ ತಾಯಿಯನ್ನು ಕರೆತಂದು, ಕೈಗೊಂದು ಕಾಯಿಪಲ್ಲೆ ಚೀಲ ಕೊಟ್ಟು, ಅವರನ್ನು ನಡೆಸಿ ಅಳೆಯಲಿ.